ಮಾವ ವಾಪಸ್ ಕೊಟ್ಟ ಬಿಲ್ಲೆ

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಬಿಡುವವರೆಗೂ ಕೂತಿದ್ದು ಹಿಂದಿನ ಬೆಂಚಿನಲ್ಲೇ. ಈಗ ಮಾತ್ರ ವರ್ಷಕ್ಕೆ ಒಂದು ದಿನ ಮುಂದಿನ ಸಾಲಿನಲ್ಲಿ ಕೂರುತ್ತೇನೆ, ಯಾರೂ ಹೊಡೆಯದೆ, ಬೈಯದೆ. ಬೆಂಗಳೂರಿನಲ್ಲಿ ಪ್ರತಿ ವರ್ಷ ನಡೆಯುವ ಟೆಕ್ನಾಲಜಿ ಸಮ್ಮೇಳನ ಅದು. ನಾಲ್ಕು ವರ್ಷದಿಂದ ಒಂದನ್ನೂ ತಪ್ಪಿಸಿಲ್ಲ. ಒಂದು ಸಲ ಚಿಕ್ಕಪ್ಪನ ಮಗನ ಮದುವೆಯೂ ಅದೇ ದಿನ ಬಿತ್ತು. ಮದುವೆಯನ್ನು ವಿಡಿಯೋದಲ್ಲಿ ನೋಡಿಕೊಳ್ಳುತ್ತೇನೆ ಅಂದೆ. ಹಾಗಾದರೆ ಸಮ್ಮೇಳನವನ್ನೇ ವಿಡಿಯೋದಲ್ಲಿ ನೋಡಬಹುದಲ್ಲ ಎಂದು ನೀವು ಕೇಳುತ್ತೀರಿ. ಅವನೂ ಅದನ್ನೇ ಕೇಳಿದ. ನಾನು ಬೆಂಗಳೂರಿನ ರೈಲು ಹತ್ತಿದೆ. ಇವತ್ತಿಗೂ ಅವನು ನನ್ನ ಜೊತೆ ಮಾತಾಡುವುದಿಲ್ಲ.

ಆಂಡರ್ಸನ್‌ಪೇಟೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅದರ ಜೊತೆಗೆ ಒಂದು ಬ್ಲಾಗ್ ಬರೆಯುತ್ತೇನೆ, ಕನ್ನಡದಲ್ಲಿ. ಬರೆಯಬೇಕೆಂಬ ಆಸೆಯಿಂದ ಶುರುವಾದದ್ದಲ್ಲ. ಸುತ್ತಮುತ್ತಲಿನ ಊರುಗಳ ರಿಪೇರಿ ಹುಡುಗರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು. ಒಂದೇ ಉತ್ತರವನ್ನು ಹತ್ತು ಜನಕ್ಕೆ ಹೇಳಿ ಬಾಯಿ ನೋಯಿತು, ಬರೆದು ಹಾಕಿದೆ, ಅಷ್ಟೇ. ನನ್ನ ಬರಹದಲ್ಲಿ ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ. ಮೊದಲನೇ ಸಾಲಿನಲ್ಲೇ ಸ್ಕ್ರೂ ಬಿಚ್ಚಿರುತ್ತೇನೆ.

ಸಮ್ಮೇಳನದವರು ಹಾಗಲ್ಲ. ವೇದಿಕೆ ಹತ್ತಿದವನು ಮೊದಲು ಕರೆದವರಿಗೆ ಧನ್ಯವಾದ ಹೇಳುತ್ತಾನೆ. ಆಮೇಲೆ ತನ್ನ ಕಥೆ ಹೇಳುತ್ತಾನೆ. ಆಮೇಲೆ ಕ್ಲೌಡ್ ಎಂದು ಒಂದು ಮೋಡದ ಚಿತ್ರ ತೋರಿಸುತ್ತಾನೆ. ನಮ್ಮ ಕಡೆಯ ಚಿನ್ನದ ಗಣಿಯಲ್ಲಿ ಲಾರಿಗಟ್ಟಲೆ ಬಂಡೆ ಪುಡಿ ಮಾಡಿದರೆ ಉಗುರಿನಷ್ಟು ಚಿನ್ನ ಸಿಗುತ್ತಿತ್ತಂತೆ. ಭಾಷಣವೂ ಹಾಗೇ. ಆದರೆ ಆ ಉಗುರಿನಷ್ಟು ಇರುತ್ತದೆ, ಅದಕ್ಕೇ ಹೋಗುತ್ತೇನೆ. ಅರ್ಧ ಅರ್ಥವಾಗುವುದಿಲ್ಲ, ಖುಷಿ ಮಾತ್ರ ಪೂರ್ತಿ. ಅಂಗಡಿಗೆ ಇನ್ನೂ ಬಾರದ ಫೋನನ್ನು ಅಲ್ಲಿ ಮುಟ್ಟಿ ನೋಡಬಹುದು. ಬೇರೆಯವರು ಪರದೆ ನೋಡುತ್ತಾರೆ, ನಾನು ಫೋನನ್ನು ಮಗುಚಿ ಎಲ್ಲಿಂದ ಬಿಚ್ಚಬೇಕು ಎಂದು ಹುಡುಕುತ್ತೇನೆ. ಸ್ಟಾಲಿನವರು ಹೆದರಿಕೊಂಡು ಹತ್ತಿರ ಬಂದು ನಿಲ್ಲುತ್ತಾರೆ.

ಮೂರು ವರ್ಷ ಕೇಳಿ ಕೇಳಿ, ಹೋದ ವರ್ಷ ನನಗೂ ವೇದಿಕೆ ಸಿಕ್ಕಿತು. ಐದು ನಿಮಿಷ, ಮಧ್ಯಾಹ್ನ ಊಟವಾದ ಮೇಲೆ. ಹೇಳಬೇಕಾಗಿದ್ದು ಒಂದೇ ವಿಷಯ. ಕಾಮಸಮುದ್ರದಲ್ಲಿ ನನ್ನಂಥವನೇ ಒಬ್ಬ ಹುಡುಗ ಒಂದು ಫೋನ್ ಬಿಚ್ಚಿದ. ಬ್ಯಾಟರಿಯ ಪಿನ್ನು ಮೊದಲು ತೆಗೆದು ಆಮೇಲೆ ಮಿಕ್ಕಿದ್ದು ಮುಟ್ಟಬೇಕು ಎಂದು ಒಳಗೆ ಬರೆದಿತ್ತು, ಇಂಗ್ಲಿಷಿನಲ್ಲಿ. ಅವನಿಗೆ ಓದಲು ಬರಲಿಲ್ಲ. ನಾನು ಅಷ್ಟು ಇಂಗ್ಲಿಷನ್ನು ಫೋನ್ ಬಿಚ್ಚುತ್ತಲೇ ಕಲಿತವನು. ಬೋರ್ಡು ಸುಟ್ಟಿತು, ಅವನ ಬೆರಳೂ ಸುಟ್ಟಿತು. ಕಂಪನಿಗಳ ಹತ್ತಿರ ರಿಪೇರಿ ಪುಸ್ತಕ ಇರುತ್ತದೆ. ಅದನ್ನು ನಮ್ಮಂಥವರಿಗೆ ಕೊಡುವುದಿಲ್ಲ. ಕೊಡಿ, ಕನ್ನಡಕ್ಕೆ ನಾನು ತರುತ್ತೇನೆ ಎಂದು ಆ ಕಂಪನಿಯವರೆಲ್ಲ ಕೂತಿರುವ ಕಡೆಯೇ ಕೇಳಬೇಕಿತ್ತು. ಅಂಥ ಜಾಗ ವರ್ಷಕ್ಕೆ ಒಂದೇ ಸಲ ಸಿಗುತ್ತದೆ.

ಮಾತಾಡುವವರು ಜೊತೆಗೆ ಒಬ್ಬರನ್ನು ಕರೆತರಬಹುದು ಎಂದಿದ್ದರು. ನಮ್ಮ ಮುನಿವೆಂಕಟಪ್ಪ ಮಾವನನ್ನು ಕರೆದುಕೊಂಡು ಹೋದೆ. ಅಮ್ಮನ ತಮ್ಮ. ಗಣಿ ಮುಚ್ಚುವವರೆಗೂ ಊರಿಗಾಂ ಕಡೆ ಗಣಿಯ ಬಾವಿಗೆ, ಅಂದರೆ ಶಾಫ್ಟಿಗೆ, ಇಳಿದು ಪಂಪು ರಿಪೇರಿ ಮಾಡಿದವನು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಜೋಡಿಸಿಡುವುದನ್ನು ಕಲಿಸಿದವನು ಅವನೇ. ಹಾಗಾಗಿ ಈ ಐದು ನಿಮಿಷದಲ್ಲಿ ಅವನ ಪಾಲೂ ಇದೆ ಎಂದು ನನ್ನ ಲೆಕ್ಕ. ಮಾರಿಕುಪ್ಪದ ಬೆಳಗಿನ ರೈಲು ಹತ್ತಿದೆವು. ಬಂಗಾರಪೇಟೆಯಲ್ಲಿ ಜನ ತುಂಬಿಕೊಂಡರು. ನಾನು ಬಾಗಿಲ ಹತ್ತಿರ ನಿಂತು ಭಾಷಣ ಗೊಣಗುತ್ತಿದ್ದೆ. ಮಾವ ಎದುರು ಸೀಟಿನವರಿಗೆಲ್ಲ ನನ್ನನ್ನು ತೋರಿಸಿ, ಇವನು ಬೆಂಗಳೂರಿನವರಿಗೆ ಪಾಠ ಹೇಳಲು ಹೋಗುತ್ತಿದ್ದಾನೆ ಎಂದು ತಮಿಳಿನಲ್ಲೊಂದು ಸಲ, ತೆಲುಗಿನಲ್ಲೊಂದು ಸಲ ಹೇಳಿದ. ಮಾಲೂರು ಬರುವಷ್ಟರಲ್ಲಿ ಇಬ್ಬರು ತಮ್ಮ ಕೆಟ್ಟ ಫೋನ್ ತೆಗೆದು ನನ್ನ ಕೈಗಿಟ್ಟಿದ್ದರು.

ಸಮ್ಮೇಳನದ ಬಾಗಿಲಲ್ಲಿ ಇಬ್ಬರ ಕೊರಳಿಗೂ ಒಂದೊಂದು ಕಾರ್ಡು ಹಾಕಿದರು. ಹೆಸರಿನ ಕೆಳಗೆ ಕಪ್ಪು ಚುಕ್ಕಿಗಳ ಒಂದು ಚೌಕ. ಒಳಗೆ ಹೋಗುವಾಗ ಅದನ್ನು ಮೆಷಿನ್ನಿಗೆ ತೋರಿಸಬೇಕು. ಮಾವ ಅದನ್ನು ಬಿಲ್ಲೆ ಎಂದ. ಶಾಫ್ಟಿಗೆ ಇಳಿಯುವಾಗ ಅವರಿಗೂ ನಂಬರಿನ ಬಿಲ್ಲೆ ಕೊಡುತ್ತಿದ್ದರಂತೆ. ಮೇಲೆ ಬಂದವನು ಮೊದಲು ಅದನ್ನು ವಾಪಸ್ ಕೊಡಬೇಕು, ಕೈ ತೊಳೆಯುವುದು, ಟೀ ಕುಡಿಯುವುದು ಎಲ್ಲ ಆಮೇಲೆ. ಕೊಡದಿದ್ದರೆ ಅವನಿನ್ನೂ ಕೆಳಗಿದ್ದಾನೆ ಎಂದೇ ಅರ್ಥ, ಹುಡುಕಲು ಜನ ಇಳಿಯುತ್ತಿದ್ದರು. ಒಬ್ಬ ಮರೆತು ಬಿಲ್ಲೆ ಜೇಬಲ್ಲಿಟ್ಟುಕೊಂಡು ಮನೆಗೆ ಹೋಗಿ ಮಲಗಿದ್ದನಂತೆ. ಅವನಿಗಾಗಿ ನಾಲ್ಕು ಜನ ಕೆಳಗೆ ಕತ್ತಲಲ್ಲಿ ಹೆಸರು ಹಿಡಿದು ಕೂಗಿಕೊಂಡು ಅಲೆದರಂತೆ. ಈ ಕಥೆಯನ್ನು ಮಾವ ನೂರು ಸಲ ಹೇಳಿದ್ದಾನೆ. ನೂರು ಸಲ ಕೇಳಿದ್ದರೂ ಆವತ್ತು ನನಗೆ ಬುದ್ಧಿ ಓಡಲಿಲ್ಲ.

ಊಟ ಹೊರಗೆ ಶಾಮಿಯಾನದಲ್ಲಿತ್ತು. ಸಾಂಬಾರು ಚೆಲ್ಲಿದರೆ ನನ್ನ ಹೆಸರು ಅಳಿಸಿಹೋಗುತ್ತದೆ ಎಂದು ಕಾರ್ಡು ಬಿಚ್ಚಿ ಮಾವನ ಕೈಗೆ ಕೊಟ್ಟೆ. ತಟ್ಟೆ ಹಿಡಿದು ಬರುವಷ್ಟರಲ್ಲಿ ಮಾವ ಕೆಲಸ ಮುಗಿಸಿಬಿಟ್ಟಿದ್ದ. ಮನೆಗೆ ಹೊರಟವರು ಕಾರ್ಡು ಹಾಕಿಹೋಗಲಿ ಎಂದು ಬಾಗಿಲಲ್ಲಿ ಒಂದು ಮೇಜು ಇಟ್ಟಿದ್ದರು. ಎರಡನ್ನೂ ಅಲ್ಲಿ ಕೊಟ್ಟಿದ್ದ. ಮೇಜಿನ ಹುಡುಗಿ ಅವನ್ನು ಮೆಷಿನ್ನಿಗೆ ತೋರಿಸಿ, ನೂರಾರು ಕಾರ್ಡುಗಳಿದ್ದ ಚೀಲಕ್ಕೆ ಹಾಕಿ ಥ್ಯಾಂಕ್ಸ್ ಹೇಳಿದ್ದಳು. ಎಷ್ಟು ಮರ್ಯಾದೆಯ ಹುಡುಗಿ ಎಂದು ಮಾವ ನನ್ನ ಹತ್ತಿರ ಹೊಗಳಿದ. ತಟ್ಟೆ ಕೆಳಗಿಟ್ಟೆ.

"ಯಾಕ್ ಮಾವ ಕೊಟ್ಟೆ?"

"ಒರಗ್ ಬಂದ್ವಲ್ಲಾ. ಒರಗ್ ಬಂದ್ಮೇಲೆ ಬಿಲ್ಲೆ ಮಡಿಕ್ಕೊಂಡ್ರೆ ನಮ್ನ ಒಳಗೆಲ್ಲಾ ಉಡುಕ್ತಾರೆ ಕಣ್ಲಾ."

ಓಡಿದೆ. ಹುಡುಗಿ ಪಾಪ ಒಳ್ಳೆಯವಳೇ. ಪರದೆ ನೋಡಿ, ನೀವು ಹೊರಟುಹೋಗಿದ್ದೀರಿ ಸರ್ ಎಂದಳು. ಎದುರಿಗೇ ನಿಂತಿದ್ದೇನಲ್ಲಮ್ಮಾ ಎಂದೆ. ಸಿಸ್ಟಮ್ಮಿನಲ್ಲಿ ಹೋಗಿದ್ದೀರಿ ಎಂದಳು. ಚೀಲದಲ್ಲಿ ಹುಡುಕಿಕೊಡಿ ಎಂದರೆ, ಹೋದವರ ಕಾರ್ಡು ಮತ್ತೆ ನಡೆಯುವುದಿಲ್ಲವಂತೆ. ಹಿಂದೆ ಬಂದ ಮಾವ ನನ್ನ ಪಕ್ಷ ವಹಿಸುತ್ತಾನೆ ಎಂದುಕೊಂಡೆ. ಅವನು ಮೆಷಿನ್ನಿನ ಪಕ್ಷ ಸೇರಿಕೊಂಡ.

"ಆ ಮಗು ಸರಿಯಾಗೇ ಏಳ್ತಾ ಐತೆ. ಬಿಲ್ಲೆ ಕೊಟ್ಟೋನು ಲೆಕ್ಕದಾಗೆ ಇಲ್ಲ," ಎಂದ. ಆಮೇಲೆ ನನ್ನ ಮುಖ ನೋಡಿದ. ಆಗ ಅವನಿಗೆ ಅರ್ಥವಾಯಿತು. ಹೆಗಲ ಮೇಲಿನ ಟವೆಲ್ಲು ತೆಗೆದು, ಬೆವರಿಲ್ಲದ ಮುಖ ಒರೆಸಿಕೊಂಡ. ಅಷ್ಟು ಹೊತ್ತು ನನಗಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಬಯ್ಯಲು ಬಾಯಿ ತೆರೆದವನು, ಬಿಡು ಮಾವ ಎಂದೆ.

ಅಷ್ಟರಲ್ಲಿ ಒಳಗಿನಿಂದ ವಾಕಿಟಾಕಿ ಹಿಡಿದ ಒಬ್ಬರು ನನ್ನ ಹೆಸರು ಕೂಗಿಕೊಂಡು ಬಂದರು. ನನ್ನ ಸರದಿ ಬಂದಾಗಿತ್ತು. ನಾನೇ ಎಂದು ಕೈ ಎತ್ತಿದೆ. ಇವರು ಹೋಗಿದ್ದಾರೆ ಎಂದಳು ಹುಡುಗಿ. ಹೋದವರು ಕೈ ಎತ್ತುವುದನ್ನು ನೋಡಿ ವಾಕಿಟಾಕಿಯವರಿಗೆ ನಗು ಬಂತು. ಒಂದು ಚೀಟಿಯಲ್ಲಿ ನನ್ನ ಹೆಸರು ಗೀಚಿ ಒಳಕ್ಕೆ ತಳ್ಳಿದರು. ಒಂದೇ ಚೀಟಿ. ಮಾವನಿಗೆ ಕೊಡಲು ಅವರಿಗೆ ಹೊತ್ತಿರಲಿಲ್ಲ. ನಾನು ಹಿಂದೆ ತಿರುಗಿದೆ. ಓಗು ಓಗು ಎಂದು ಮಾವ ಕೈ ಬೀಸಿದ.

ವೇದಿಕೆ ಹತ್ತುವಾಗ ಎದುರಿನ ಗಡಿಯಾರ ಎರಡೇ ನಿಮಿಷ ಬಾಕಿ ತೋರಿಸುತ್ತಿತ್ತು. ನಿಜ ಹೇಳಿಬಿಡುತ್ತೇನೆ. ಆ ಐದು ನಿಮಿಷದ ಭಾಷಣದಲ್ಲಿ ಮೊದಲ ಮೂರು ನಿಮಿಷ ಧನ್ಯವಾದ ಮತ್ತು ನನ್ನ ಕಥೆ. ದೊಡ್ಡವರ ಎದುರು ಹಾಗೆಯೇ ಮಾತಾಡಬೇಕು ಎಂದು ನಾನೂ ನಂಬಿದ್ದೆ, ಮೋಡದ ಚಿತ್ರವೊಂದನ್ನೂ ಸೇರಿಸಿದ್ದೆ. ಮೂರು ನಿಮಿಷವನ್ನು ಮಾವ ಮೊದಲೇ ಕತ್ತರಿಸಿಹಾಕಿದ್ದ. ಬ್ಯಾಟರಿ ಪಿನ್ನಿನಿಂದ ಶುರು ಮಾಡಿದೆ. ಹುಡುಗನ ಬೆರಳಿನ ಕಥೆ ಹೇಳಿದೆ. ಪುಸ್ತಕ ಕೊಡಿ, ಕನ್ನಡ ನನ್ನ ಜವಾಬ್ದಾರಿ ಎಂದೆ. ಮುಗಿಯಿತು. ಇನ್ನೂ ಹತ್ತು ಸೆಕೆಂಡು ಉಳಿದಿತ್ತು. ಮೈಕು ವಾಪಸ್ ಕೊಟ್ಟೆ, ಚಪ್ಪಾಳೆ ಬಂತು. ಕೆಳಗಿಳಿದಾಗ ಒಂದು ಫೋನ್ ಕಂಪನಿಯ ಮೇಡಂ ನನ್ನ ವಿಳಾಸ ಬರೆದುಕೊಂಡರು. ಅವರು ಹೇಳಿದ ಹಾಗೆ ಪುಸ್ತಕ ಬಂತು. ದಪ್ಪ ಪುಸ್ತಕ, ಮುಕ್ಕಾಲು ಭಾಗ ಎಚ್ಚರಿಕೆಗಳು. ಕೆಲಸಕ್ಕೆ ಬೇಕಾದಷ್ಟು ಕನ್ನಡದಲ್ಲಿ ಹಾಕಿದ್ದೇನೆ. ಪಿನ್ನಿನ ಮಾತು ಮೊದಲನೇ ಸಾಲಿನಲ್ಲಿದೆ.

ಆವತ್ತು ಇನ್ನೂ ಮೂರು ಭಾಷಣ ಬಾಕಿ ಇದ್ದವು, ಒಂದಂತೂ ನಾನು ವರ್ಷವೆಲ್ಲ ಕಾದದ್ದು. ಮಾವ ಟೀ ಕುಡಿದು ಮರದ ಕೆಳಗೆ ಮಲಗಿರುತ್ತಾನೆ ಎಂದುಕೊಂಡು ನೋಡಿ ಬರೋಣವೆಂದು ಹೊರಗೆ ಬಂದೆ. ಅವನು ನಾನು ಬಿಟ್ಟುಹೋದ ಜಾಗದಲ್ಲೇ, ಬಾಗಿಲಿಗೆ ಮುಖ ಮಾಡಿ ನಿಂತಿದ್ದ. ಮೇಜಿನ ಹುಡುಗಿ ಕುರ್ಚಿ ಹಾಕಿದ್ದಳು, ಕೂತಿರಲಿಲ್ಲ. ಟೀ ಕೂಡ ಕುಡಿಯಲಿಲ್ಲವಾ ಎಂದು ಕೇಳಿದೆ.

"ನೀನ್ ಒಳಗಿದ್ದೆ. ನಾನೆಂಗ್ಲಾ ಓಗ್ಲಿ?"

ಮತ್ತೆ ಒಳಗೆ ಹೋಗಲಿಲ್ಲ, ಆ ಮೂರು ಭಾಷಣಗಳನ್ನು ಆಮೇಲೆ ವಿಡಿಯೋದಲ್ಲಿ ನೋಡಿದೆ. ಏನೂ ನಷ್ಟವಾಗಲಿಲ್ಲ.

ಈ ವರ್ಷದ ಅರ್ಜಿ ಮೊನ್ನೆ ತುಂಬಿದೆ. ಜೊತೆಗೆ ಬರುವವರು ಯಾವ ಉದ್ದೇಶಕ್ಕೆ ಬರುತ್ತಾರೆ ಎಂದು ಒಂದು ಪ್ರಶ್ನೆ ಸೇರಿಸಿದ್ದಾರೆ. ಎಲ್ಲರೂ ಅಲ್ಲಿ ಕಲಿಯುವುದಕ್ಕೆ, ಬೆಳೆಯುವುದಕ್ಕೆ ಎಂದು ಬರೆಯುತ್ತಾರಂತೆ. ನಾನು ಬರೆದೆ: ನಾನು ಹೊರಗೆ ಬರುವವರೆಗೆ ಬಾಗಿಲಲ್ಲಿ ನಿಲ್ಲುವುದಕ್ಕೆ. ಒಪ್ಪಿದರೆ ಇಬ್ಬರೂ ಹೋಗುತ್ತೇವೆ. ಒಪ್ಪದಿದ್ದರೂ ಇಬ್ಬರೂ ಹೋಗುತ್ತೇವೆ, ಹೊರಗೆ ನಿಲ್ಲುವ ಕೆಲಸಕ್ಕೆ ಪಾಸು ಬೇಕಾಗಿಲ್ಲ.