ಕನ್ನಡದ ಸೀಟು

ಶ್ರಾವ್ಯಾ, ನಿನ್ನ ಕಂಪ್ಯೂಟರ್ ಇಂಜಿನಿಯರಿಂಗ್ ಸೀಟನ್ನು ತಪ್ಪಿಸಿದವಳು ನಾನು. ಸಿಇಟಿ ಅಲ್ಲ, ನಿನ್ನ ಹಣೆಬರಹವೂ ಅಲ್ಲ — ನಿಮ್ಮ ಕೆಳಗಿನ ಮನೆಯ ಶೈಲಾ ಕಾಕೂ. ಮೊನ್ನೆ ನಿಮ್ಮ ಬಾಗಿಲಲ್ಲಿ ನಿಂತು ಅರ್ಧ ಹೇಳಿದೆ. ಉಳಿದ ಅರ್ಧಕ್ಕೆ ನಾಲಿಗೆ ಏಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮೇಲೆ ಈಗ ಪ್ರೀತಿ ಉಕ್ಕಿ ಬಂದಿದೆ ಎಂದು ಮಾತ್ರ ತಿಳಿಯಬೇಡ. ನಿನ್ನ ಅಮ್ಮನನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ವನಿತಾಳ ತುಳಸಿ ಕುಂಡಗಳ ನೀರು ನಾನು ಒಗೆದು ಹಾಕಿದ ಬಟ್ಟೆಯ ಮೇಲೆ ಸುರಿಯುತ್ತದೆ, ಹೇಳಿದರೆ ನಗುತ್ತಾಳೆ. ಆ ನಗು! ಇಲ್ಲಿ ಡೊಂಬಿವ್ಲಿಯ ನಮ್ಮ ಕನ್ನಡ ಬಳಗದ ಅರಿಶಿನ-ಕುಂಕುಮಕ್ಕೆ ಹೋಗಿದ್ದಾಗ ಹೆಂಗಸರೆಲ್ಲರ ಎದುರು ಹೀಗೇ ನಕ್ಕು, "ಶೈಲಕ್ಕ, ನಿಮ್ಮದು ಕನ್ನಡವಾ ಮರಾಠಿಯಾ? ನಮಗೆ ಅರ್ಧ ಅರ್ಥವೇ ಆಗುದಿಲ್ಲ ಮಾರಾಯ್ರೆ" ಎಂದಳು. ಎಲ್ಲರೂ ನಕ್ಕರು. ನಾನು ವಿಜಯಪುರದಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿ ಬಂದವಳು. ಮನೆಯಲ್ಲಿ ತುಳು ಆಡುವವಳಿಂದ ಈ ಮಾತು ಕೇಳಬೇಕಾಯಿತಲ್ಲ — ಆವತ್ತು ನುಂಗಿಕೊಂಡೆ. ನುಂಗಿದ್ದು ಅರಗಲಿಲ್ಲ.

ನಿನ್ನ ಮೇಲೂ ನನಗೆ ಸಿಟ್ಟಿತ್ತು. ಮೆಟ್ಟಿಲಲ್ಲಿ ಸಿಕ್ಕಾಗ ನಾನು ಕನ್ನಡದಲ್ಲಿ ಕೇಳಿದರೆ ನೀನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಬಂದಿದ್ದಾಳೆ ದೊಡ್ಡವಳು, ಎಂದುಕೊಳ್ಳುತ್ತಿದ್ದೆ. ನನ್ನ ಮಗ ಅನಿಕೇತ ನನಗೇ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ — ಅದು ಮಾತ್ರ ನನ್ನ ಕಿವಿಗೆ ಬೀಳುತ್ತಿರಲಿಲ್ಲ.

ನೀನೂ ಅನಿಕೇತನೂ ಹನ್ನೆರಡನೆಯ ತರಗತಿ ಮುಗಿಸಿದ ವರ್ಷ ಅದು. ನಿನ್ನ ಅಪ್ಪ ಬೆಳಿಗ್ಗೆ ಬೇಗ ಶಹಾಡ್‌ನ ಹೋಟೆಲಿಗೆ ಹೋದರೆ ಬರುವುದು ರಾತ್ರಿಗೇ. ಹಾಗಾಗಿ ನಿನ್ನ ಅಮ್ಮ ನಿನ್ನನ್ನು ಕರೆದುಕೊಂಡು ನನ್ನ ಹತ್ತಿರ ಬಂದಳು. ಮಗನ ಸಲುವಾಗಿ ಕಂಡಕಂಡವರನ್ನೆಲ್ಲ ಕೇಳಿ ಕೇಳಿ ಕಾಲೇಜು ಅಡ್ಮಿಷನ್ನಿನಲ್ಲಿ ನಾನು ಪಂಡಿತಳಾಗಿದ್ದೆ. ನವಿ ಮುಂಬೈಯಲ್ಲಿ ಕನ್ನಡದವರು ನಡೆಸುವ ಇಂಜಿನಿಯರಿಂಗ್ ಕಾಲೇಜು, ಅಲ್ಲಿ ಕನ್ನಡ ಮಾತೃಭಾಷೆಯವರಿಗೆಂದೇ ಒಂದಷ್ಟು ಕಂಪ್ಯೂಟರ್ ಸೀಟು. ಅದು ತಪ್ಪಿದರೆ ದೂರದ ಯಾವುದೋ ಹೊಸ ಕಾಲೇಜಿನಲ್ಲಿ ಎಐ, ಡೇಟಾ ಸೈನ್ಸ್ ಎಂಬ ಹೊಸ ಹೆಸರಿನ ಬಿಇ. ಅದೂ ಬೇಡವೆಂದರೆ ಕಲ್ಯಾಣದಲ್ಲಿ ಬಿಎಸ್ಸಿ ಕಂಪ್ಯೂಟರ್ ಸೈನ್ಸ್.

"ಕಾಕೂ, ಮುಝೆ ಕಂಪ್ಯೂಟರ್ ಇಂಜಿನಿಯರಿಂಗ್ ಹೀ ಚಾಹಿಯೇ" ಎಂದೆ ನೀನು. ಕಂಪ್ಯೂಟರ್ ಇಂಜಿನಿಯರಿಂಗೇ ಬೇಕು — ಸೋಫಾದ ತುದಿಯಲ್ಲಿ ಕೂತು ನೀನು ಹೇಳಿದ್ದು ಅಷ್ಟೇ.

ನಿನ್ನ ಅಂಕ ಅನಿಕೇತನಿಗಿಂತ ಹೆಚ್ಚು. ಎಲ್ಲರ ಸಾಲಿನಲ್ಲಿ ನಿಂತರೆ ಇಬ್ಬರಿಗೂ ಆ ಕಾಲೇಜು ಸಿಗುತ್ತಿರಲಿಲ್ಲ. ಕನ್ನಡದ ಸಾಲಿನಲ್ಲಿ ನಿಂತರೆ ನೀನು ಮುಂದೆ, ಅವನು ಹಿಂದೆ. ಚಹಾ ಕುದಿಯುವಷ್ಟರಲ್ಲಿ ಒಲೆಯ ಮುಂದೆ ನಿಂತು ಇದನ್ನೆಲ್ಲ ಲೆಕ್ಕ ಹಾಕಿದೆ — ಬಾಯಿತಪ್ಪಿ ಆಡಿದ್ದಲ್ಲ, ಯೋಚಿಸಿಯೇ ಆಡಿದ್ದು. ಚಹಾ ತಂದಿಟ್ಟು ಹೇಳಿದೆ: "ಮನ್ಯಾಗ ತುಳು ಮಾತಾಡೋರಿಗೆ ಕನ್ನಡದ ಸೀಟು ಬರಂಗಿಲ್ಲ, ವನಿತಾ. ಸುಮ್ನ ಕನ್ನಡ ಅಂತ ಹಾಕಿ ಆಮ್ಯಾಲೆ ಸಿಕ್ಕಿಬಿದ್ರ ಹುಡುಗಿ ವರ್ಷಾನ ಹಾಳಾಗ್ತದ. ಬಿಎಸ್ಸಿ ಮಾಡಸ್ರಿ. ಅದೂ ಕಂಪ್ಯೂಟರ್, ಇದೂ ಕಂಪ್ಯೂಟರ್."

ನಿನ್ನ ಅಮ್ಮ ತಂದಿದ್ದ ಶಾಲೆಯ ದಾಖಲೆಯಲ್ಲಿ ನಿನ್ನ ಮಾತೃಭಾಷೆ ಕನ್ನಡವೆಂದೇ ಇತ್ತು. ನನ್ನ ಕಣ್ಣೆದುರೇ ಇತ್ತು. ಅಷ್ಟು ಸಾಕಾಗಿತ್ತು, ಅದೂ ನನಗೆ ಗೊತ್ತಿತ್ತು.

"ಹೌದಾ ಅಕ್ಕಾ? ನಮಗೆ ಇದೆಲ್ಲ ಎಂತ ಗೊತ್ತುಂಟು? ನಿಮ್ಮನ್ನು ಕೇಳಿದ್ದು ಒಳ್ಳೇದಾಯ್ತು" ಎಂದಳು ನಿನ್ನ ಅಮ್ಮ. ಮರುದಿನ ಪತ್ರೊಡೆ ಕಳಿಸಿದಳು. ತಿಂದೆ. ರುಚಿಯಾಗಿಯೂ ಇತ್ತು.

ಅನಿಕೇತನಿಗೆ ಸಿಕ್ಕಿದ್ದು ಕನ್ನಡದವರ ಕಟ್ಟಕಡೆಯ ಕಂಪ್ಯೂಟರ್ ಸೀಟು. ನೀನು ಸಾಲಿನಲ್ಲಿದ್ದಿದ್ದರೆ ಅದು ಅವನದಾಗುತ್ತಿರಲಿಲ್ಲ. ಮೊನ್ನೆ ನುಂಗಿದ ಅರ್ಧ ಇದೇ.

ನೀನು ಕಲ್ಯಾಣಕ್ಕೆ ಹೋದೆ, ಬಿಎಸ್ಸಿ ಮುಗಿಸಿದೆ. ಈಗ ಎಲ್ಲಿ ಕೆಲಸ ಕೇಳಿದರೂ ಬಿಇ ಆದವರೇ ಬೇಕು ಎನ್ನುತ್ತಾರೆಂದು ನಿನ್ನ ಅಮ್ಮ ಮೆಟ್ಟಿಲಲ್ಲಿ ಯಾರಿಗೋ ಹೇಳುತ್ತಿದ್ದಳು. ಮೊದಲ ಸಲ ಕೇಳಿದಾಗ — ಹೇಳಿಬಿಡುತ್ತೇನೆ — ನನಗೆ ಒಳಗೊಳಗೇ ಖುಷಿಯಾಯಿತು. ಕನ್ನಡವಾ ಮರಾಠಿಯಾ ಎಂದಿದ್ದಳಲ್ಲ, ಅನುಭವಿಸಲಿ ಎಂದುಕೊಂಡೆ. ಎರಡನೆಯ ಸಲ ಕೇಳಿದಾಗ ಆಗಲಿಲ್ಲ. ಆಮೇಲೆ ನಿನ್ನ ಹೆಜ್ಜೆಯ ಸಪ್ಪಳ ಕೇಳಿದರೆ ಬಾಗಿಲು ಹಾಕಿಕೊಳ್ಳತೊಡಗಿದೆ.

ಈ ವರ್ಷ ನಿನ್ನ ತಮ್ಮ ಪ್ರಥಮನದು ಹನ್ನೆರಡನೆಯದು ಮುಗಿಯಿತು. ವನಿತಾ ಮತ್ತೆ ಬಂದಳು, ಅದೇ ನಗು. "ನಮಗೆ ಆ ಕನ್ನಡದ ಸೀಟು ಇಲ್ಲ ಅಲ್ವಾ ಅಕ್ಕಾ? ಇವನನ್ನೂ ಬಿಎಸ್ಸಿಗೇ ಹಾಕುದು" ಎಂದಳು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಸುಳ್ಳನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡು, ಮಗನಿಗೂ ಅದನ್ನೇ ಬಡಿಸಲು ಬಂದಿದ್ದಳು. ಕುಕ್ಕರ್ ಕೂಗಿತೆಂದು ಒಳಗೆ ಎದ್ದು ಹೋದೆ.

ಮರುದಿನ ಅವಳು ಮನೆಯಲ್ಲಿ ಇಲ್ಲದ ಹೊತ್ತು ನೋಡಿ — ಹೌದು, ಅಷ್ಟು ಹೇಡಿ ನಾನು — ನಿಮ್ಮ ಮನೆಯ ಗಂಟೆ ಒತ್ತಿದೆ. ಬಾಗಿಲು ತೆರೆದವಳು ನೀನು. "ಪ್ರಥಮಗ ಕನ್ನಡದ ಸೀಟಿಗೆ ಹಾಕ್ರಿ. ನಿಮಗೂ ಬರ್ತದ. ಆವತ್ತ ನಾ ಹೇಳಿದ್ದು ಸುಳ್ಳು" ಎಂದೆ.

ನೀನು ಕೂಗಾಡುತ್ತೀ ಎಂದುಕೊಂಡಿದ್ದೆ. ಏಕೆ ಎಂದಾದರೂ ಕೇಳುತ್ತೀ ಎಂದುಕೊಂಡಿದ್ದೆ. ಕೇಳಲಿಲ್ಲ, ನಾನು ನುಂಗಿದ್ದು ನಿನಗೆ ಆಗಲೇ ತಿಳಿದುಹೋಗಿತ್ತು. ಎಂದೂ ನನ್ನೊಡನೆ ಕನ್ನಡ ಆಡದವಳು ಕನ್ನಡದಲ್ಲೇ ಕೇಳಿದೆ: "ಅನಿಕೇತನಿಗೆ ಗೊತ್ತುಂಟಾ?"

ಇಲ್ಲ ಎಂದೆ. ನೀನು ಬಾಗಿಲು ಹಾಕಿಕೊಂಡೆ.

ಕ್ಷಮಿಸು ಎಂದು ಬರೆಯುವುದಿಲ್ಲ. ನನ್ನ ಜಾಗದಲ್ಲಿ ನಿನ್ನ ಅಮ್ಮ ಇದ್ದಿದ್ದರೆ ನಾನು ಕ್ಷಮಿಸುತ್ತಿರಲಿಲ್ಲ. ಅವಳಿಗೂ ಇದನ್ನು ಓದಲು ಕೊಡು. ನಿನಗೂ ಕನ್ನಡ ಓದಲು ಬರುತ್ತದೆ. ಅವಳೇ ಕೂರಿಸಿಕೊಂಡು ಕಲಿಸಿದ್ದಾಳೆ. ನನ್ನ ಹೊಟ್ಟೆಯುರಿಗೆ ಅದೂ ಒಂದು ಕಾರಣವಾಗಿತ್ತು.

ಅನಿಕೇತ ಈಗ ಬಿಇ ಕೊನೆಯ ವರ್ಷ. ಭಾನುವಾರ ಮನೆಯಲ್ಲಿರುತ್ತಾನೆ. ಈ ಹಾಳೆಗಳನ್ನು ನಿನಗೆ ತಲುಪಿಸುವ ಮೊದಲು ಅವನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಡೋಣ ಎಂದರೆ ಅದೂ ಆಗುವ ಹಾಗಿಲ್ಲ — ಕನ್ನಡದ ಸೀಟಿನಲ್ಲಿ ಕೂತ ನನ್ನ ಮಗನಿಗೆ ಕನ್ನಡ ಓದಲು ಬಾರದು. ಎದುರಿಗೆ ಕೂತು, ಮೊದಲ ಸಾಲಿನಿಂದ, ನಾನೇ ಓದಿ ಹೇಳಬೇಕು.