ಕಚ್ಚೆ ಕಟ್ಟಿ ಸಮುದ್ರದವರೆಗೆ

ಡೆನ್ಮಾರ್ಕ್ ಎಲ್ಲಿದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಕಾಲೇಜಿನ ಗೋಡೆಯ ಮೇಲಿದ್ದ ಭೂಪಟದಲ್ಲಿ ಹುಡುಕಿ ಹುಡುಕಿ ಕೊನೆಗೆ ಜರ್ಮನಿಯ ನೆತ್ತಿಯ ಮೇಲೆ, ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ಚೂರು ನೆಲ ಕಂಡಾಗ, ಇಷ್ಟು ಸಣ್ಣ ಜಾಗದಲ್ಲಿ ನಾನೆಲ್ಲಿ ನಿಲ್ಲೋದು ಅನ್ನಿಸಿತ್ತು.

ಐವತ್ತರ ದಶಕದ ಮಾತು. ಆಗ ನಾನು ಕೆಂಗೇರಿಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮದು ರಾಗಿ, ಹುರುಳಿ ಬೆಳೆದು ನಾಲ್ಕಾರು ಹಸು ಸಾಕಿಕೊಂಡಿದ್ದ ಮನೆ. ನಮ್ಮ ಬೀದಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನೇ. ಒಂದು ದಿನ ಸಸ್ಯಶಾಸ್ತ್ರದ ಮೇಡಂ ನನ್ನನ್ನು ಕರೆದು, ಡೆನ್ಮಾರ್ಕಿನ ಹಳ್ಳಿಯೊಂದರಲ್ಲಿ ರೈತರ ಹೆಣ್ಣುಮಕ್ಕಳಿಗಾಗಿ ಇರುವ ವಸತಿ ಶಾಲೆಯವರು ಬೇಸಿಗೆಯ ಒಂದು ಅವಧಿಗೆ ನಮ್ಮ ಕಡೆಯ ಒಬ್ಬ ವಿದ್ಯಾರ್ಥಿನಿಯನ್ನು ಕರೆಸಿಕೊಳ್ಳುತ್ತಾರಂತೆ, ಹೋಗಿಬರುವ ಏರ್ಪಾಡೂ ಅವರದೇ ಅಂತೆ, ನಿನ್ನ ಹೆಸರು ಕೊಡಲಾ ಎಂದರು. ಮನೆಯಲ್ಲಿ ಕೇಳದೆಯೇ "ಕೊಡಿ ಮೇಡಂ" ಅಂದುಬಿಟ್ಟೆ. ಆಮೇಲೆ ರೈಲಿನಲ್ಲಿ ಕೂತು ಕೆಂಗೇರಿ ಬರುವವರೆಗೂ ಮನೆಯಲ್ಲಿ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿದ್ದೆ.

ರಾತ್ರಿ ಊಟಕ್ಕೆ ಕೂತಾಗ ವಿಷಯ ಹೇಳಿದೆ. ಅವ್ವ ಮುದ್ದೆ ಕಟ್ಟುತ್ತಿದ್ದ ಕೈ ಹಾಗೇ ನಿಲ್ಲಿಸಿದಳು.

"ಗಂಡು ನೋಡೋ ಹೊತ್ನಲ್ಲಿ ಇವಳು ಹಡಗು ಹತ್ತುತಾಳಂತೆ!" ಎಂದಳು.

ಅಪ್ಪ, "ಅಲ್ಲಿ ಓದೋರು ಯಾರು ಮಗಾ?" ಎಂದು ಕೇಳಿದ.

"ಬರೀ ಹೆಣ್ಮಕ್ಕಳು ಅಪ್ಪ. ಎಲ್ಲಾ ರೈತರ ಮನೆಯವರು."

"ಬಿಳೀ ಜನದಲ್ಲೂ ರೈತರು ಇದಾರಾ?"

ಅಪ್ಪನಿಗೆ ಅದು ನಿಜಕ್ಕೂ ಆಶ್ಚರ್ಯ. ಅವನು ಕಂಡಿದ್ದ ಬಿಳಿಯರೆಲ್ಲ ಬೆಂಗಳೂರಿನ ದಂಡು ಪ್ರದೇಶದಲ್ಲಿ ಕುದುರೆ ಮೇಲೋ ಕಾರಿನಲ್ಲೋ ಹೋಗುತ್ತಿದ್ದವರು. "ಇದಾರಂತೆ. ಹಸು ಸಾಕ್ತಾರಂತೆ, ಬೆಣ್ಣೆ ತೆಗೀತಾರಂತೆ" ಎಂದೆ. ಅಪ್ಪನ ಮುಖ ಸಡಿಲವಾಯಿತು. "ಹಸು ಸಾಕೋರು ಅಂದ್ರೆ ಕೆಟ್ಟ ಜನ ಇರಾಕಿಲ್ಲ" ಅಂದ. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ, "ನಾಕು ತಿಂಗ್ಳಲ್ಲಿ ಯಾವ ಗಂಡು ಓಡೋಯ್ತಾನೆ? ಹೋಗ್ ಬರ್ಲಿ ಬುಡು" ಅಂದಿದ್ದೇ ತಡ, ತೀರ್ಮಾನ ಆದಂತಾಯಿತು.

ಬೊಂಬಾಯಿಯಲ್ಲಿ ಹಡಗು ಹತ್ತಿದ ಮೇಲೆ ಮೊದಲ ಕೆಲವು ದಿನ ವಾಂತಿ ಬಿಟ್ಟರೆ ಬೇರೇನೂ ನೆನಪಿಲ್ಲ. ಅದಾದ ಮೇಲೆ ಮಾತ್ರ ಕಣ್ಣಿಗೆ ಬಿಡುವೇ ಇರಲಿಲ್ಲ. ನೀರಿನಿಂದ ಎದ್ದು ಹಾರುವ ಮೀನುಗಳನ್ನು ಕಂಡೆ. ಸೂಯೆಜ್ ಕಾಲುವೆಯಲ್ಲಿ ಹಡಗಿನ ಪಕ್ಕದ ದಡದಲ್ಲೇ, ನಮ್ಮ ಸಮಕ್ಕೆ, ಒಂಟೆಗಳು ನಡೆದು ಬರುತ್ತಿದ್ದವು. ಇಟಲಿಯಲ್ಲಿ ಇಳಿದು ರೈಲು ಹಿಡಿದು ಬೆಟ್ಟಗಳನ್ನು ದಾಟಿ, ಜರ್ಮನಿಯನ್ನು ದಾಟಿ ಸಮುದ್ರದ ದಡಕ್ಕೆ ಬಂದಾಗ ಇನ್ನೊಂದು ಸೋಜಿಗ. ನಾವು ಕೂತಿದ್ದ ರೈಲೇ ಹಳಿಯ ಮೇಲೆ ಮೆಲ್ಲಗೆ ಸಾಗಿ ಒಂದು ಹಡಗಿನ ಹೊಟ್ಟೆಯೊಳಕ್ಕೆ ಹೋಯಿತು! ನಾನು ಕಿಟಕಿಯ ಗಾಜಿಗೆ ಮೂಗು ಒತ್ತಿ, ಯಾರಿಗೂ ಅರ್ಥವಾಗದ ಕನ್ನಡದಲ್ಲಿ "ಅಯ್ಯಯ್ಯೋ, ಅಯ್ಯಯ್ಯೋ" ಅನ್ನುತ್ತಿದ್ದೆ. ಎದುರಿಗಿದ್ದ ಮುದುಕಿ ನಕ್ಕು ನನಗೊಂದು ಸೇಬು ಕೊಟ್ಟಳು.

ಶಾಲೆ ಇದ್ದದ್ದು ಬಾರ್ಲಿ ಹೊಲಗಳ ನಡುವೆ. ಬೆಳಗಾದರೆ ಎಲ್ಲರೂ ಒಟ್ಟಿಗೆ ನಿಂತು ಹಾಡುತ್ತಿದ್ದರು, ಆಮೇಲೆ ಪಾಠ, ಕಸರತ್ತು, ನೇಯ್ಗೆ. ಪರೀಕ್ಷೆಯೇ ಇರಲಿಲ್ಲ. ಪರೀಕ್ಷೆಯಿಲ್ಲದೆಯೂ ಜನ ಓದುತ್ತಾರೆ ಅನ್ನುವುದು ನನಗೆ ಹಡಗಿನೊಳಗೆ ಹೋದ ರೈಲಿಗಿಂತ ದೊಡ್ಡ ಸುದ್ದಿ. ಊಟಕ್ಕೆ ನಮ್ಮ ರಾಗಿ ರೊಟ್ಟಿಯಷ್ಟೇ ಕಪ್ಪಗಿನ ಬ್ರೆಡ್ಡು. ಆಸೆಯಿಂದ ಕಚ್ಚಿದೆ, ಹುಳಿ! ಆದರೂ ಬೆಣ್ಣೆ ಬಳಿದುಕೊಂಡರೆ ಒಳಗಿಳಿಯುತ್ತಿತ್ತು. ಬೆಣ್ಣೆಗೇನೂ ಬರವಿರಲಿಲ್ಲ.

ನನ್ನ ಕೋಣೆಯಲ್ಲಿದ್ದವಳು ನನಗಿಂತ ಒಂದು ಮೊಳ ಎತ್ತರದ, ಟೊಮೆಟೊ ಕೆನ್ನೆಯ ಹುಡುಗಿ. ಅವಳದೂ ಹಸು ಕಟ್ಟಿದ ಮನೆ. ಅವಳಿಗೆ ಬರುತ್ತಿದ್ದ ಅರ್ಧಂಬರ್ಧ ಇಂಗ್ಲಿಷಿಗೂ ನನ್ನ ಅರ್ಧಂಬರ್ಧ ಇಂಗ್ಲಿಷಿಗೂ ಚೆನ್ನಾಗಿ ಹೊಂದಿಕೊಂಡಿತು.

ಜೂನ್ ತಿಂಗಳಲ್ಲಿ ಅವರಲ್ಲೊಂದು ಹಬ್ಬ. ಹಗಲು ಅತಿ ಉದ್ದವಾಗುವ ಹೊತ್ತಿಗೆ ಸಮುದ್ರದ ದಡದಲ್ಲಿ ದೊಡ್ಡ ಬೆಂಕಿ ಹಾಕುತ್ತಾರೆ, ನಮ್ಮ ಕಾಮನ ಹುಣ್ಣಿಮೆಯ ಹಾಗೆ. ಶಾಲೆಯ ಹುಡುಗಿಯರೆಲ್ಲ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗುವುದು ರೂಢಿ. ನನಗೆ ಸೈಕಲ್ ಬರುತ್ತಿರಲಿಲ್ಲ. ಕೆಂಗೇರಿಯಲ್ಲಿ ಸೈಕಲ್ ತುಳಿದ ಹೆಂಗಸನ್ನೇ ನಾನು ನೋಡಿರಲಿಲ್ಲ.

"ನೀನು ಬೆಂಕಿಗೆ ಸೌದೆ ಒಯ್ಯೋ ಲಾರಿಯಲ್ಲಿ ಬಾ, ಪರವಾಗಿಲ್ಲ" ಎಂದರು ಕಸರತ್ತಿನ ಟೀಚರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೂ ಎಲ್ಲರೂ ಸೈಕಲ್ ಮೇಲೆ, ನಾನು ಸೌದೆಯ ಮೇಲೆ ಎಂದು ನೆನೆಸಿಕೊಂಡೇ ಅಳು ಬಂತು.

ಕೋಣೆಯ ಗೆಳತಿ, "ಲಾರಿ ಬೇಡ. ನಾನು ಕಲಿಸ್ತೀನಿ" ಅಂದಳು.

"ಸೀರೆಯಲ್ಲಿ?"

"ನನ್ನ ಪ್ಯಾಂಟು ಹಾಕ್ಕೋ."

ಹಾಕಿಕೊಂಡು ನೋಡಿದೆ. ಅದು ನನ್ನ ಎದೆಯವರೆಗೂ ಬಂತು. ಇಬ್ಬರೂ ಮಂಚದ ಮೇಲೆ ಬಿದ್ದು ಬಿದ್ದು ನಕ್ಕೆವು. ಆಗ ನನಗೆ ಹೊಳೆಯಿತು: ನಾಟಿ ಮಾಡುವಾಗ ನಮ್ಮ ಹೆಂಗಸರು ಏನು ಮಾಡುತ್ತಾರೆ? ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಹಿಂದಕ್ಕೆ ಸೆಳೆದು, ಬಿಗಿಯಾಗಿ ಕಚ್ಚೆ ಕಟ್ಟಿದೆ. ಅವಳು ನನ್ನ ಸುತ್ತ ಒಂದು ಸುತ್ತು ಬಂದು ನೋಡಿ, "ಇದು ಪ್ಯಾಂಟಿಗಿಂತ ಚೆನ್ನಾಗಿದೆ" ಎಂದಳು.

ಶಾಲೆಯ ಹಸುಗಳ ಕೊಟ್ಟಿಗೆಯ ಹಿಂದೆ ಇಳಿಜಾರಿನ ದಾರಿಯೊಂದಿತ್ತು. ಅವಳ ಕ್ರಮ ಸರಳ. ಸೈಕಲ್ ಮೇಲೆ ಕೂರಿಸಿ ಇಳಿಜಾರಿನಲ್ಲಿ ಬಿಟ್ಟುಬಿಡುವುದು. ಮೊದಲ ದಿನ ಬೇಲಿಯ ಪಕ್ಕದ ತುರಿಕೆ ಗಿಡದ ಮೇಲೆ ಬಿದ್ದೆ. ಎರಡನೆಯ ದಿನ ಬಾರ್ಲಿ ಹೊಲಕ್ಕೆ ನುಗ್ಗಿದೆ. ಇನ್ನೊಂದು ದಿನ ಸೈಕಲ್ ನೆಟ್ಟಗೆ ಓಡತೊಡಗಿತು, ನಾನು ಬೀಳಲೇ ಇಲ್ಲ! ಆದರೆ ಕೆಳಗೆ ಗೇಟು ತೆರೆದು ಹಸುಗಳ ದೊಡ್ಡ ಹಿಂಡು ದಾರಿಗೆ ಬರುತ್ತಿತ್ತು. ಬ್ರೇಕು ಎಲ್ಲಿದೆ ಅನ್ನುವುದೇ ಮರೆತುಹೋಯಿತು. ನಮ್ಮ ಹಿತ್ತಲಿನಲ್ಲಿ ಹಸುಗಳಿಗೆ ಕೂಗುವ ಹಾಗೇ, "ಹೋಯ್! ಸರಿ! ಸರಿ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಹಸುಗಳು ಗಾಬರಿಯಿಂದ ಎರಡೂ ಕಡೆಗೆ ಸರಿದವು. ನಾನು ನಡುವೆ ಹಾದುಹೋದೆ. ಆಚೆಗೆ ಹೋಗಿ ಹುಲ್ಲಿನ ಮೇಲೆ ಸೈಕಲ್ ಸಮೇತ ಮಲಗಿದೆ. ಗೆಳತಿ ಓಡಿ ಬಂದವಳು ನನ್ನನ್ನು ಎಬ್ಬಿಸುವ ಬದಲು ಪಕ್ಕದಲ್ಲೇ ಬಿದ್ದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ನಮ್ಮ ಹಸುಗಳಿಗೆ ನಿನ್ನ ಭಾಷೆ ಬರುತ್ತೆ!" ಎಂದಳು. ಅಂದಿನಿಂದ ಶಾಲೆಯ ಹುಡುಗಿಯರು ಸೈಕಲ್ ಗಂಟೆ ಬಾರಿಸುವುದನ್ನು ಬಿಟ್ಟು "ಹೋಯ್ ಸರಿ!" ಎಂದು ಕೂಗಿಕೊಂಡು ತಿರುಗತೊಡಗಿದರು.

ಹಬ್ಬದ ದಿನ ಸಂಜೆ ನಾವೆಲ್ಲ ಹೊರಟೆವು. ನಾನು ಟೀಚರ ಹಿಂದೆಯೇ ಸೈಕಲ್ ತುಳಿಯುತ್ತಿದ್ದೆ. ಎದುರುಗಾಳಿ ಎಷ್ಟು ಜೋರಾಗಿತ್ತೆಂದರೆ ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಳ್ಳಬೇಕಾಯಿತು. ಸಂಜೆಯಾದರೂ ಬಿಸಿಲು ಹಾಗೇ ಇತ್ತು, ಹೊಲಗಳೆಲ್ಲ ಹೊಳೆಯುತ್ತಿದ್ದವು. ದಾರಿಯ ಮನೆಗಳಿಂದ ಜನ ಹೊರಬಂದು ಕೆಂಪು ಸೀರೆಯ ಹುಡುಗಿಗೆ ಕೈ ಬೀಸುತ್ತಿದ್ದರು. ನನಗೆ ತಿರುಗಿ ಕೈ ಬೀಸುವಷ್ಟು ಧೈರ್ಯ ಇರಲಿಲ್ಲ, ತಲೆ ಮಾತ್ರ ಅಲ್ಲಾಡಿಸುತ್ತಿದ್ದೆ. ಕೊನೆಯ ದಿಬ್ಬ ಹತ್ತಿದಾಗ ಎದುರಿಗೆ ಸಮುದ್ರ. ಹಡಗಿನಿಂದ ಅಷ್ಟು ದಿನ ನೋಡಿದ ಸಮುದ್ರವೇ, ಆದರೆ ಇಲ್ಲಿಗೆ ನಾನು ನನ್ನ ಕಾಲಿನಿಂದ ಬಂದಿದ್ದೆ. ಬೆಂಕಿ ಹೊತ್ತಿಕೊಂಡಿತು. ಅವರು ಅವರ ಹಾಡು ಹೇಳಿದರು. ನಾನೂ ನಮ್ಮ ಕಡೆಯ ಸೋಬಾನೆ ಪದವೊಂದನ್ನು ಹೇಳಿದೆ. ಕುಣಿದೇ ಕುಣಿದೆವು. ಟೀಚರು ಹತ್ತಿರ ಬಂದು ನನ್ನ ಭುಜ ತಟ್ಟಿ, "ವಾಪಸ್ಸಿಗೆ ಲಾರಿ ಬೇಕೇ?" ಎಂದು ಕೇಳಿದರು. ಕಣ್ಣಲ್ಲಿ ತುಂಟತನ. "ಬೇಡ" ಎಂದೆ, ಅವರದೇ ಭಾಷೆಯಲ್ಲಿ.

ಊರಿಗೆ ಮರಳಿದ ಮೇಲೆ ಹೇಳಲು ಎಷ್ಟೊಂದಿತ್ತು! ರೈಲು ಹಡಗಿನೊಳಕ್ಕೆ ಹೋದದ್ದನ್ನು ಅಜ್ಜಿ ಕಡೆಯವರೆಗೂ ನಂಬಲಿಲ್ಲ. ಸೈಕಲ್ ವಿಷಯ ಅವ್ವ ನಂಬಲಿಲ್ಲ. ಆದ್ದರಿಂದ ನಮ್ಮ ಮನೆಯಲ್ಲೇ ಇದ್ದ ಚಿಕ್ಕಪ್ಪನ ಸೈಕಲ್ ತೆಗೆದು, ಕಚ್ಚೆ ಕಟ್ಟಿ, ನಮ್ಮ ಬೀದಿಯಿಂದ ರೈಲ್ವೆ ಸ್ಟೇಷನ್ನಿನವರೆಗೆ ಹೋಗಿ ಬಂದೆ. ಅಂಗಡಿ ಮುಂದೆ ಕೂತವರು ಎದ್ದು ನಿಂತರು. ಅವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡಿದ್ದಳು. ಬೈಯಲು ಬಂದವಳು, ನಾನು ಇಳಿದಾಗ ಕೇಳಿದ್ದು ಮಾತ್ರ, "ಬೀಳಲಿಲ್ಲ ತಾನೇ?"

ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ, ಎಲ್ಲರೂ ಏಳುವ ಮುಂಚೆ ಅಪ್ಪ ನನ್ನನ್ನು ಕರೆದ. ಸೈಕಲ್ ಹೊಸಿಲ ಹೊರಗೆ ನಿಂತಿತ್ತು.

"ಕಣ ಖಾಲಿ ಐತೆ ಮಗಾ. ಯಾರೂ ನೋಡಾಕಿಲ್ಲ. ನಂಗೂ ವಸಿ ಹೇಳ್ಕೊಡು."

ಅಪ್ಪನಿಗೆ ಸೈಕಲ್ ಬರುವುದಿಲ್ಲ ಅನ್ನುವುದು ನನಗೆ ಅಂದೇ ಗೊತ್ತಾದದ್ದು! ಅಷ್ಟು ವರ್ಷ ಗಾಡಿ, ಇಲ್ಲವೇ ನಡಿಗೆ. ತನ್ನ ತಮ್ಮನಾದ ಚಿಕ್ಕಪ್ಪನ ಹತ್ತಿರ ಕೇಳಲು ನಾಚಿಕೆ. ನಾನು ಹಿಂದಿನಿಂದ ಹಿಡಿದುಕೊಂಡೆ. ಅಪ್ಪ ಎರಡು ಸಲ ರಾಗಿ ಹುಲ್ಲಿನ ಮೆದೆಗೆ ಹೋಗಿ ಗುದ್ದಿದ. ಮೈಯೆಲ್ಲ ಹುಲ್ಲು ಮೆತ್ತಿಕೊಂಡು, ಮಕ್ಕಳ ಹಾಗೆ ನಗುತ್ತಾ, "ಇನ್ನೊಂದ್ ಕಿತ" ಅನ್ನುತ್ತಿದ್ದ. ಯುಗಾದಿಯ ಹೊತ್ತಿಗೆ ಮೈಸೂರು ರಸ್ತೆಯಲ್ಲಿ ಒಬ್ಬನೇ ಹೋಗಿಬರತೊಡಗಿದ.

ಆಮೇಲೆ ನಾನು ಪದವಿ ಮುಗಿಸಿ ರಾಜಾಜಿನಗರದಲ್ಲಿ ಹೊಸದಾಗಿ ಶುರುವಾದ ಶಾಲೆಯೊಂದಕ್ಕೆ ಟೀಚರಾಗಿ ಸೇರಿದೆ. ಕೆಂಗೇರಿಯ ಮನೆಯಲ್ಲಿ ಮಾತ್ರ ದಿನಾ ಬೆಳಿಗ್ಗೆ ಜಗಳ. ಚಿಕ್ಕಪ್ಪ ಎದ್ದು ಹಲ್ಲುಜ್ಜಿ ಬರುವಷ್ಟರಲ್ಲಿ ಅಪ್ಪ ಸೈಕಲ್ ತೆಗೆದುಕೊಂಡು ಹೋಗಿಯಾಗಿರುತ್ತಿತ್ತು.