ಮಾಮಾ ರೋಸಾ ಮನೆಯಲ್ಲಿ ನನ್ನ ಸುಳ್ಳು ಉಪವಾಸ

ಒಂದು ಮನೆಯವರನ್ನು ನಾನು ಮೂರು ದಿನ ಉಪವಾಸ ಕೆಡವಿದೆ. ಆಮೇಲೆ, ಇವರಿಗೆ ಉಣ್ಣಲು ಗತಿಯಿಲ್ಲ ಎಂದು ನಾನೇ ಬರೆದೆ. ಎರಡೂ ನನ್ನ ಕೆಲಸವೇ, ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಆರು ವರ್ಷ ಬಾಯಿ ಬಿಗಿದುಕೊಂಡಿದ್ದೆ. ಇನ್ನು ಆಗುವುದಿಲ್ಲ.

ಸಿಯಾಟಲ್‌ನ ಡೆನ್ನಿ ಟ್ರಯಾಂಗಲ್‌ನಲ್ಲಿ, ದೂರದ ಊರುಗಳಿಗೆ ನೆರವು ಕಳಿಸುವ ಒಂದು ಸಂಸ್ಥೆಯಲ್ಲಿ ನನಗೆ ಕೆಲಸ. ನೆರವು ಕೊಡುವ ಮೊದಲು ಆ ಊರಿನ ಪರಿಚಯವನ್ನು ಯಾರಾದರೂ ಹೋಗಿ ನೋಡಿ ಬರೆಯಬೇಕು — ಎಷ್ಟು ಮನೆ, ನೀರು ಎಲ್ಲಿಂದ, ಜನ ಏನು ತಿನ್ನುತ್ತಾರೆ. ಹಾಗೆ ಬರೆಯಲೆಂದೇ ಇಂಡೋನೇಷ್ಯಾದ ಪೂರ್ವದ ಕೊನೆಯಲ್ಲಿರುವ ಒಂದು ಪುಟ್ಟ ದ್ವೀಪಕ್ಕೆ ಹೋಗಿದ್ದೆ. ಮೂರು ವಿಮಾನ, ಒಂದು ಹಡಗು, ಕೊನೆಗೊಂದು ದೋಣಿ. ಊರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನನ್ನಿಂದ ಆ ಹೆಸರು ಒಮ್ಮೆ ಕೆಟ್ಟದ್ದು ಸಾಕು.

ಇಪ್ಪತ್ತಾರು ಮನೆಗಳ ಊರು. ಕಂಬಗಳ ಮೇಲೆ ನಿಂತ ಮನೆಗಳು, ತಗಡಿನ ಸೂರಿನ ಚರ್ಚು, ಒಂದೇ ಕೋಣೆಯ ಶಾಲೆ. ಸಿಹಿನೀರಿನ ಬುಗ್ಗೆ ಒಂದೇ ಒಂದು, ಅದೂ ಸಮುದ್ರದ ಅಂಚಿನ ಬಂಡೆಗಳ ನಡುವೆ. ಉಬ್ಬರದಲ್ಲಿ ಅದು ಮುಳುಗಿರುತ್ತದೆ. ಇಳಿತಕ್ಕೆ ಕಾದು ಕೂತು, ನಗುತ್ತಾ ಹರಟುತ್ತಾ ಹೆಂಗಸರು ನೀರು ತುಂಬಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಎದುರಿನ ದ್ವೀಪದಲ್ಲಿ ಸಂತೆ. ಅಲ್ಲಿ ದೊಡ್ಡ ಹೆಂಗಸರನ್ನೆಲ್ಲ ‘ಮಾಮಾ’ ಎನ್ನುತ್ತಾರೆ, ನಾವು ‘ಅಮ್ಮ’ ಎಂದ ಹಾಗೆ. ನನ್ನನ್ನು ಇಳಿಸಿದ್ದು ಮಾಮಾ ರೋಸಾ ಅವರ ಮನೆಯಲ್ಲಿ. ಊರಿಗೆ ಯಾರೇ ಬರಲಿ, ಊಟ ಅವರಲ್ಲೇ ಎಂದು ಶಾಲೆಯ ಮೇಷ್ಟ್ರು ಯೋಹಾನೆಸ್ ಹೇಳಿದರು. ಊರಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಅವರಿಗೊಬ್ಬರಿಗೇ. ಮಾಮಾ ಜೊತೆ ನನ್ನ ಮಾತೆಲ್ಲ ಅವರ ಮೂಲಕವೇ.

ಮೊದಲ ಸಂಜೆ ಮಾಮಾ ನನ್ನ ಮುಂದೆ ತಟ್ಟೆ ಇಟ್ಟರು. ತೆಂಗಿನ ಹಾಲಿನಲ್ಲಿ ಬೇಯಿಸಿದ ಇಡೀ ಮೀನು — ತಲೆ, ಕಣ್ಣು, ಬಾಲ ಎಲ್ಲ ಇದ್ದ ಹಾಗೇ. ನಾನು ಮೈಸೂರಿನ ಅಗ್ರಹಾರದಲ್ಲಿ ಬೆಳೆದವಳು, ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಹಾಗೆಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ನಮ್ಮಲ್ಲೊಂದು ಜಾಣತನವಿದೆಯಲ್ಲ — ಯಾರದಾದರೂ ಮನೆಯಲ್ಲಿ ತಿನ್ನಲು ಮನಸ್ಸಿಲ್ಲದಿದ್ದರೆ ‘ಇವತ್ತು ನನಗೆ ಒಪ್ಪತ್ತು’ ಅಂದುಬಿಡುವುದು. ಅವರಿಗೂ ಬೇಜಾರಿಲ್ಲ, ನಮಗೂ ಪಾರಾದ ಹಾಗೆ. ಅದನ್ನೇ ಮಾಡಿದೆ. ಉಪವಾಸ ಎಂದೆ. ಎಷ್ಟು ದಿನ ಎಂದು ಮೇಷ್ಟ್ರು ಕೇಳಿದರು. ಮೂರು ದಿನ ಎಂದೆ. ನಾನು ಅಲ್ಲಿ ಇರಬೇಕಾಗಿದ್ದದ್ದು ಅಷ್ಟೇ ದಿನ. ಮಾಮಾ ಕೈಮುಗಿದು ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು.

ನನ್ನ ಚೀಲದಲ್ಲಿ ಹುರಿದ ಅವಲಕ್ಕಿ ಇತ್ತು, ಕೋಡುಬಳೆ ಇತ್ತು. ಬಾಗಿಲು ಹಾಕಿಕೊಂಡು, ಕುರುಕುರು ಸದ್ದು ಹೊರಗೆ ಕೇಳದಂತೆ ಬಾಯಲ್ಲಿ ನೆನೆಸಿ ನೆನೆಸಿ ತಿನ್ನುತ್ತಿದ್ದೆ. ಥೂ — ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮರುದಿನ ಆ ಮನೆಯಲ್ಲಿ ಒಲೆ ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಮಾಮಾ, ಅವರ ಗಂಡ, ಮಗ ನೀರು ಕುಡಿದು ಕೆಲಸಕ್ಕೆ ಹೋಗುತ್ತಿದ್ದರು. ಮೊಮ್ಮಕ್ಕಳು ಊಟದ ಹೊತ್ತಿಗೆ ಪಕ್ಕದ ಮನೆಗೆ ಓಡುತ್ತಿದ್ದರು. ಅಯ್ಯೋ ಪಾಪ, ಇದ್ದ ಒಂದು ಮೀನನ್ನೂ ನನಗೇ ಬಡಿಸಲು ಬಂದಿದ್ದರಲ್ಲ ಎಂದು ಮರುಗಿದೆ. ಅಕ್ಕಪಕ್ಕದ ಮನೆಗಳಿಂದ ಹೊಗೆ ಏಳುತ್ತಿದ್ದದ್ದು ಕಾಣಲಿಲ್ಲವೇ? ಕಂಡಿತ್ತು. ಕೇಳುವುದೇ ನನ್ನ ಕಸುಬು, ಆದರೂ ಯಾಕೆ ಎಂದು ಕೇಳಲಿಲ್ಲ. ಊಟದ ಮಾತು ತೆಗೆದರೆ ನನ್ನ ಉಪವಾಸದ ಬುಡಕ್ಕೇ ಬರುತ್ತಿತ್ತು... ಆ ಹೆದರಿಕೆ. ಬೂದಿ ಆರಿದ ಒಲೆ, ಅದರ ಪಕ್ಕ ಕೂತ ಮಾಮಾ — ಒಂದು ಫೋಟೋ ತೆಗೆದುಕೊಂಡೆ.

ಮೂರನೆಯ ಬೆಳಿಗ್ಗೆ ಗುಡ್ಡ ಹತ್ತಿದರೆ ಫೋನಿಗೆ ಸಿಗ್ನಲ್ ಸಿಕ್ಕಿತು. ‘ಈ ಊರಿನಲ್ಲಿ ದಿನಗಟ್ಟಲೆ ಒಲೆ ಹತ್ತುವುದಿಲ್ಲ’ ಎಂಬ ಸಾಲಿನೊಂದಿಗೆ ಆ ಫೋಟೋವನ್ನು ಸಿಯಾಟಲ್‌ಗೆ ಕಳಿಸಿದೆ. ನನ್ನ ಮೇಲಧಿಕಾರಿಯಿಂದ ಕೂಡಲೇ ಉತ್ತರ ಬಂತು: ನಿನ್ನ ಕೆಲಸದಲ್ಲೇ ಇದು ಅತ್ಯುತ್ತಮ. ಉಬ್ಬಿಹೋದೆ.

ಇಳಿದು ಬಂದು ದೋಣಿಗೆ ಕಾಲಿಡುತ್ತಿದ್ದೆ. ಮಾಮಾ ದಡದಲ್ಲಿ ಯೋಹಾನೆಸ್ ಅವರಿಗೆ ಏನೋ ಹೇಳಿದರು. ಅವರು ಸಂಕೋಚದಿಂದ ನನ್ನತ್ತ ತಿರುಗಿದರು.

“ಅತಿಥಿ ಊಟ ಮಾಡದೆ ಇವರ ಮನೆಯಲ್ಲಿ ಒಲೆ ಹಚ್ಚೋದಿಲ್ಲ. ಮಾಮಾ ಕೇಳ್ತಿದಾರೆ — ನಿಮ್ಮ ಉಪವಾಸ ಮುಗೀತಾ? ಅವರು ಇನ್ನು ಊಟ ಮಾಡಬಹುದಾ?”

ಆಗಲೇ ಹೇಳಬಹುದಿತ್ತು. ಮತ್ತೆ ಗುಡ್ಡ ಹತ್ತಿ, ಬರೆದದ್ದು ತಪ್ಪು ಎಂದು ಇನ್ನೊಂದು ಸಾಲು ಕಳಿಸಬಹುದಿತ್ತು. ನಾನು “ಮುಗೀತು” ಎಂದೆ. ಮಾಮಾ ಮುಖ ಅರಳಿತು. ದೋಣಿ ಹೊರಟಿತು.

ಆಮೇಲಿನದು ಬೇಗ ಬೇಗ ಆಯಿತು. ಆ ಊರಿಗೆ ಅಕ್ಕಿ ಮೂಟೆಗಳು ಹೋದವು. ದೋಣಿ ನಿಲ್ಲುವ ಜಾಗದಲ್ಲಿ, ಹಸಿದವರಿಗೆ ನೆರವು ಎಂಬ ಬೋರ್ಡು ನಿಂತಿತು. ಒಲೆ ಹತ್ತುವುದಿಲ್ಲ ಎಂಬ ನನ್ನ ಸಾಲಿನೊಂದಿಗೆ ಮಾಮಾ ಫೋಟೋ ಆ ಬೋರ್ಡಿಗೂ ನಮ್ಮ ಕರಪತ್ರದ ಮುಖಪುಟಕ್ಕೂ ಬಂತು. ವರ್ಷ ಕಳೆದ ಮೇಲೆ ಯೋಹಾನೆಸ್ ಮೇಷ್ಟ್ರು ಒಂದು ಇಮೇಲ್ ಬರೆದರು, ದೂರೇನೂ ಇರಲಿಲ್ಲ. ಎದುರಿನ ದ್ವೀಪದ ಸಂತೆಯಲ್ಲಿ ಜನ ಮಾಮಾ ಅವರನ್ನು ‘ಒಲೆ ಹತ್ತದ ಮನೆಯವಳು’ ಎಂದು ಆಡಿಕೊಳ್ಳುತ್ತಾರಂತೆ. ಅವರು ಸಂತೆಗೆ ಹೋಗುವುದನ್ನೇ ಬಿಟ್ಟಿದ್ದಾರಂತೆ. ಊರಿಗೆಲ್ಲ ಉಣಬಡಿಸುತ್ತಿದ್ದ ಹೆಂಗಸು! ಆ ಇಮೇಲಿಗೆ ನಾನು ಉತ್ತರ ಬರೆಯಲಿಲ್ಲ.

ಹೀಗೇ ಸತ್ತುಹೋಗುತ್ತಿತ್ತೇನೋ ಈ ಗುಟ್ಟು. ಹೋದ ತಿಂಗಳು ಓವರ್‌ಲೇಕ್‌ನಲ್ಲಿ ಗೆಳತಿ ಲವೀನಾ ಮನೆಗೆ ಕಾಫಿಗೆ ಹೋಗಿದ್ದೆ. ಅವಳು ಮಲ್ಪೆ ಕಡೆಯವಳು. ಅಂಚೆಯಲ್ಲಿ ಬಂದ ನಮ್ಮ ಕರಪತ್ರ ಅವಳ ಮೇಜಿನ ಮೇಲಿತ್ತು. ಫೋಟೋ ನಾನು ತೆಗೆದದ್ದು ಎಂದು ಅವಳಿಗೆ ಗೊತ್ತಿತ್ತು; ಕನ್ನಡಕ ಏರಿಸಿಕೊಂಡು ಅದನ್ನೇ ನೋಡಿದಳು.

“ಇದು ಹಸಿದವರ ಮನೆಯಾ? ಎಂಥ ಮಾರಾಯ್ತಿ ನೀನು! ಹಿಂದೆ ನೋಡು, ಅಟ್ಟಳಿಗೆ ತುಂಬ ಮೀನು ಒಣಗಿಸ್ಲಿಕ್ಕೆ ಹಾಕಿದಾರೆ. ಉಪ್ಪು ಹಾಕಿ ಎಷ್ಟು ಚಂದ ಜೋಡಿಸಿದಾರೆ. ನಮ್ಮ ಅಜ್ಜಿ ಹೀಗೇ ಮಾಡ್ತಿದ್ರು. ಇದು ಅನುಕೂಲಸ್ಥರ ಮನೆ. ಒಲೆ ಯಾಕೆ ತಣ್ಣಗಿದೆ ಅಂತ ನೀನು ಕೇಳ್ಲೇ ಇಲ್ವಾ?”

ಆರು ವರ್ಷದಿಂದ ಸಾವಿರಾರು ಜನ ನೋಡಿದ ಫೋಟೋ. ಅವಳು ಒಂದೇ ನೋಟಕ್ಕೆ ಹಿಡಿದಳು. ನನಗೆ ಅಳು ಬಂತು. ಎಲ್ಲವನ್ನೂ ಅವಳ ಮುಂದೆ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. “ನನ್ನ ಹತ್ರ ಅತ್ರೆ ಏನು ಬಂತು? ಆ ಅಮ್ಮನಿಗೆ ಹೇಳು,” ಎಂದಳು. ಡುವಾಲ್‌ನ ನನ್ನ ಮನೆಗೆ ವಾಪಸು ಡ್ರೈವ್ ಮಾಡುವಾಗ ದಾರಿಯುದ್ದಕ್ಕೂ ಅದೇ ಮಾತು.

ಆಫೀಸಿನಲ್ಲಿ ಎಲ್ಲವನ್ನೂ ಬರೆದು ಕೊಟ್ಟಿದ್ದೇನೆ. ಕರಪತ್ರದಿಂದ ಫೋಟೋ ತೆಗೆದುಹಾಕುತ್ತಾರೆ, ಬೋರ್ಡೂ ಇಳಿಯುತ್ತದೆ. ನನ್ನನ್ನು ಏನು ಮಾಡುತ್ತಾರೆ ಎಂದು ಇನ್ನೂ ಹೇಳಿಲ್ಲ. ಯೋಹಾನೆಸ್ ಅವರಿಗೂ ಕಾಗದ ಬರೆದೆ: ಉಪವಾಸ ಸುಳ್ಳು, ಮೀನು ತಿನ್ನುವುದಿಲ್ಲ ಎಂದರೆ ಮಾಮಾ ನೊಂದುಕೊಳ್ಳುತ್ತಾರೆಂದು ಹಾಗೆ ಹೇಳಿದೆ, ಆಮೇಲೆ ಬರೆದದ್ದೂ ಸುಳ್ಳು, ಇದನ್ನು ಭಾನುವಾರದ ಪ್ರಾರ್ಥನೆಯ ನಂತರ ಊರಿನವರ ಮುಂದೆಯೂ ಸಂತೆಯ ದಿನ ಎದುರಿನ ದ್ವೀಪದಲ್ಲೂ ಗಟ್ಟಿಯಾಗಿ ಓದಿ ಎಂದು.

ಓದಿದರಂತೆ. ಎರಡೂ ಕಡೆ. ಮಾಮಾ ಬೈಯಲಿಲ್ಲವಂತೆ. ಮೇಷ್ಟ್ರ ಕೈಲಿ ಒಂದೇ ಒಂದು ಮಾತು ಹೇಳಿ ಕಳಿಸಿದ್ದಾರೆ:

“ಮೀನು ಬೇಡ ಅಂದ್ರೆ ನಾನ್ಯಾಕೆ ನೊಂದ್ಕೋತಿದ್ದೆ? ಮನೇಲಿ ಮುಸುಕಿನ ಜೋಳ ಇತ್ತು, ಬೇಯಿಸಿ ಕೊಡ್ತಿದ್ದೆ. ಈಗಲಾದ್ರೂ ನಿಜ ಹೇಳಿ, ಆಗ ಯಾಕೆ ಹೇಳಲಿಲ್ಲ?”

ನಾಲ್ಕು ದಿನದಿಂದ ಉತ್ತರ ಬರೆಯಲು ಕೂರುತ್ತೇನೆ, ಏಳುತ್ತೇನೆ. ಸಂಕೋಚ ಎಂದು ಬರೆದೆ, ಅಳಿಸಿದೆ. ನಮ್ಮ ಕಡೆಯ ರೂಢಿ ಎಂದು ಬರೆದೆ — ಅದನ್ನೂ ಅಳಿಸಿದೆ. ಎಲ್ಲ ಅಳಿಸಿದ ಮೇಲೆ ಉಳಿದದ್ದು ಎರಡೇ ಸಾಲು: ನಿಮ್ಮ ತಟ್ಟೆ ಕಂಡು ನನಗೆ ಹೇಸಿಗೆಯಾಗಿತ್ತು, ಮಾಮಾ. ನಿಮ್ಮ ಒಲೆಯಲ್ಲಿ ಏನು ಬೇಯಿಸಿ ಕೊಟ್ಟಿದ್ದರೂ ನಾನು ತಿನ್ನುತ್ತಿರಲಿಲ್ಲ. ಅವನ್ನು ಈಗ ಕಳಿಸಿದ್ದೇನೆ.